ಹಿಮ ಕರಗಿ ಹೊಳೆ ಏರಿದಾಗ ಟ್ರೌಟ್ ಫ್ಲೈ ಮುಟ್ಟುತ್ತಿಲ್ಲ, ಏನು ಬದಲಿಸಬೇಕು?

ಬೆಣ್ಣೆನಗರಿ ಗಾಳ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಕಳೆದ ಮೇ ಕೊನೆಯಲ್ಲಿ ಟ್ರೌಟ್ ಮೀನಿಗೆ ಫ್ಲೈ (ಗರಿ, ನೂಲು ಸುತ್ತಿ ಹುಳದ ಹಾಗೆ ಕಟ್ಟಿದ ಗಾಳ) ಹಾಕೋಕೆ ಹಿಮಾಚಲದ ತೀರ್ಥನ್ ಹೊಳೆಗೆ ಹೋಗಿದ್ದೆ. ಗುಶೈನಿ ಹತ್ತಿರ ಉಳಿದುಕೊಂಡಿದ್ದೆ. ಪರ್ಮಿಟ್ ಇತ್ತು, ಸಾಮಾನು ಇತ್ತು, ಮೀನೊಂದು ಇರಲಿಲ್ಲ. ಹೊಳೆ ದಡದ ಹುಲ್ಲಿನ ತನಕ ಬಂದಿತ್ತು.

ನನ್ನ ಹತ್ತಿರ ಇರೋದು 9 ಅಡಿಯ 5 ವೇಟ್ (ಮಧ್ಯಮ ತೂಕದ ಲೈನ್‌ಗೆ ಹೊಂದೋ) ರಾಡ್, ಫ್ಲೋಟಿಂಗ್ ಅಂದರೆ ತೇಲೋ ಲೈನ್, ಅದಕ್ಕೆ ಸೇರಿಸೋ 9 ಅಡಿಯ ತೆಳು ದಾರ ಅಂದರೆ ಲೀಡರ್, ತುದಿಗೆ ಫ್ಲೈ ಕಟ್ಟೋಕೆ ಇನ್ನೂ ತೆಳುವಾದ 5ಎಕ್ಸ್ ಟಿಪ್ಪೆಟ್. ಹೆಚ್ಚಾಗಿ ಹಾಕಿದ್ದು 16ನೇ ನಂಬರಿನ ಆಡಮ್ಸ್ ಡ್ರೈ ಫ್ಲೈ (ನೀರಿನ ಮೇಲೆ ತೇಲೋದು), ಆಮೇಲೆ ಸಣ್ಣ ನಿಂಫ್‌ಗಳು (ನೀರೊಳಗೆ ಮುಳುಗೋ ಫ್ಲೈ). ಡ್ರೈ ಫ್ಲೈ ನೀರಿಗೆ ಬಿದ್ದ ತಕ್ಷಣ ಲೈನ್ ಅದನ್ನು ಎಳ್ಕೊಂಡು ಹೋಗುತ್ತೆ. ನಿಂಫ್ ತಳ ಮುಟ್ಟಿದ ಲಕ್ಷಣವೇ ಇಲ್ಲ.

ಈ ಮೇ ಕೊನೆಗೆ ಮತ್ತೆ ಹೋಗಬೇಕು ಅಂತಿದ್ದೇನೆ. ನಮಗೆ ರಜೆ ಸಿಗೋದೇ ಆವಾಗ. ಮುಳುಗೋ ಸಿಂಕಿಂಗ್ ಲೈನ್ ತಗೋಬೇಕಾ? ಇನ್ನೊಂದು ರಾಡ್ ತಂದರೆ ಮನೆಯೊಳಗೆ ಸೇರಿಸಲ್ಲ ಅಂತ ಮನೆಯವರು ಆಗಲೇ ಹೇಳಿಯಾಗಿದೆ. ಅದನ್ನೂ ನೋಡಿಕೊಂಡು ಹೇಳಿ.

ಹೊಳೆದಂಡೆ, ಹರಿಹರ:

ಅಣ್ಣಾ, ದುಡ್ಡು ಬಿಚ್ಚೋ ಮೊದಲು ಇಷ್ಟು ಹೇಳಿ. ಯಾವ ಹೊತ್ತಿಗೆ ಹೊಳೆಗೆ ಹೋಗ್ತಿದ್ರಿ? ಮೊಣಕಾಲುದ್ದ ನೀರಲ್ಲಿ ನಿಂತರೆ ಬೂಟು ಕಾಣ್ತಿತ್ತಾ? ದಡದಿಂದ ಎಷ್ಟು ದೂರಕ್ಕೆ ಎಸೀತಿದ್ರಿ?

ಬೆಣ್ಣೆನಗರಿ ಗಾಳ:

ತಿಂಡಿ ಮುಗಿಸಿ ಹತ್ತೂವರೆ, ಹನ್ನೊಂದಕ್ಕೆ ಶುರು. ಸಂಜೆ ತನಕ. ಶುರುವಿನಲ್ಲಿ ಬೂಟು ಮಸುಕಾಗಿ ಕಾಣ್ತಿತ್ತು, ಮಧ್ಯಾಹ್ನದ ಮೇಲೆ ಅದೂ ಇಲ್ಲ. ನೀರು ಬೂದಿ ಕಲಸಿದ ಹಾಗೆ. ಎಸೆದದ್ದು ನಡು ಹೊಳೆಗೆ. ಅಲ್ಲಿ ದೊಡ್ಡ ಬಂಡೆಗಳಿವೆ, ಹಿಂದೆ ಮೀನು ನಿಂತಿರುತ್ತೆ ಅಂತ ವಿಡಿಯೋದಲ್ಲಿ ನೋಡಿದ್ದೆ.

ಹೊಳೆದಂಡೆ:

ಅಲ್ಲೇ ಇದೆ ನೋಡಿ ತೊಂದರೆ. ಆ ವಿಡಿಯೋಗಳೆಲ್ಲ ಇಳಿದ ನೀರಿನವು. ನಮ್ಮ ತುಂಗಭದ್ರೆಯನ್ನೇ ತಗೊಳ್ಳಿ. ಜುಲೈನಲ್ಲಿ ಗಾಜನೂರು ಅಣೆಕಟ್ಟಿನ ಗೇಟು ಎತ್ತಿ ಹೊಳೆ ಕೆಂಪಗೆ ಬಂದಾಗ ಇಲ್ಲಿಯ ಹಳೇ ಗಾಳದವರು ಯಾರೂ ನಡು ಹೊಳೆ ಕಡೆ ತಿರುಗಿಯೂ ನೋಡಲ್ಲ. ದಂಡೆಯ ಜಾಲಿ ಗಿಡ ಅರ್ಧ ಮುಳುಗಿರುತ್ತಲ್ಲ, ಅದರ ಬುಡಕ್ಕೆ ಎರೆಹುಳು ಇಳಿಬಿಟ್ಟು ಕೂರ್ತಾರೆ. ಸೆಳವು ಜಾಸ್ತಿ ಆದಷ್ಟೂ ಮೀನು ದಡಕ್ಕೆ ಬರುತ್ತೆ. ಟ್ರೌಟ್ ಆದರೂ ಅಷ್ಟೇ ಇರಬೇಕು. ಅದನ್ನು ಮರಿಕಣಿವೆಯವರು ಹೇಳಲಿ, ಅವರು ಆ ಕಡೆ ಇದ್ದು ಬಂದವರು.

ಮರಿಕಣಿವೆ, ಹಿರಿಯೂರು:

ಹೌದು, ಕೆಲಸದ ಮೇಲೆ ಕುಲು ಜಿಲ್ಲೆಯಲ್ಲಿ ಕೆಲವು ವರ್ಷ ಇದ್ದೆ. ತೀರ್ಥನ್, ಸೈಂಜ್ ಎರಡೂ ಹೊಳೆಗಳಲ್ಲಿ ಗಾಳ ಹಾಕಿದ್ದೇನೆ. ಹೊಳೆದಂಡೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಮ ರಾಡ್, ಲೈನ್ ಎರಡೂ ಸಾಕು ಸರ್. ಸಿಂಕಿಂಗ್ ಲೈನ್ ಬೇಡ. ಬದಲಾಗಬೇಕಾದ್ದು ಹೊತ್ತು, ಜಾಗ, ಆಳ.

ಹಿಮ ಕರಗೋದು ಬಿಸಿಲಿಗೆ. ಮೇಲೆ ಮಧ್ಯಾಹ್ನ ಕರಗಿದ ನೀರು ಗುಶೈನಿಗೆ ಬರುವಷ್ಟರಲ್ಲಿ ಸಂಜೆ. ರಾತ್ರಿ ಚಳಿಗೆ ಕರಗೋದು ಕಡಿಮೆಯಾಗುತ್ತೆ, ಹಾಗಾಗಿ ಬೆಳಗ್ಗೆ ಹೊಳೆ ಇಳಿದಿರುತ್ತೆ, ನೀರೂ ತಿಳಿ. ಮಳೆಗೆ ಏರಿದ ಹೊಳೆಗೆ ಈ ಲೆಕ್ಕ ನಡೆಯಲ್ಲ, ಹಿಮದ ನೀರಿಗೆ ಮಾತ್ರ. ತೀರಾ ನಸುಕಿನಲ್ಲಿ ನೀರು ಕೊರೆಯುತ್ತೆ, ಮೀನು ಮಂಕಾಗಿರುತ್ತೆ. ಬಿಸಿಲು ನೀರಿಗೆ ಬಿದ್ದ ಮೇಲೆ, ಹೊಳೆ ಏರೋ ಮೊದಲು, ಆ ನಡುವಿನ ಹೊತ್ತು ನಿಮ್ಮದು. ತಿಂಡಿ ಆಮೇಲೆ ತಿನ್ನಿ. ಹೋದ ಕೂಡಲೇ ನೀರಿನ ಅಂಚಿಗೆ ಒಂದು ಬಿಳಿ ಕಲ್ಲಿಡಿ. ಆಗಾಗ ತಿರುಗಿ ನೋಡಿ. ಕಲ್ಲು ಒದ್ದೆ ಆಗ್ತಾ ಬಂದರೆ ಹೊಳೆ ಏರ್ತಿದೆ. ಏರೋ ನೀರಿನಲ್ಲಿ ಕಸ, ಮರಳು ಎಲ್ಲ ಬರುತ್ತೆ, ಮೀನು ಬಾಯಿ ಮುಚ್ಚುತ್ತೆ. ಇಳಿಯೋ ನೀರು ಎಷ್ಟೋ ವಾಸಿ.

ಜಾಗ ಅಂದರೆ ದಡ. ದಡ ಅಂದರೆ ನಿಜವಾಗಿ ದಡ, ನಿಮ್ಮ ಕಾಲ ಬುಡ. ಅಷ್ಟು ಸೆಳವಿನಲ್ಲಿ ನಡು ಹೊಳೆಯಲ್ಲಿ ಈಜಿಕೊಂಡು ನಿಂತರೆ ತಿಂದದ್ದೆಲ್ಲ ಈಜೋದಕ್ಕೇ ಖರ್ಚಾಗುತ್ತೆ, ಮೀನಿಗೆ ಅದು ಗೊತ್ತು. ದಡದ ಬಂಡೆಯ ಹಿಂದೆ, ಬೇರಿನ ಕೆಳಗೆ, ದಡ ಒಳಕ್ಕೆ ಬಾಗಿದ ಕಡೆ ನೀರು ನಿಧಾನ ಆಗಿರುತ್ತೆ. ಓಡೋ ನೀರಿಗೂ ಈ ನಿಧಾನದ ನೀರಿಗೂ ನಡುವೆ ಒಂದು ಗೆರೆ ಕಾಣುತ್ತೆ. ನೊರೆ ಆ ಗೆರೆ ಹಿಡಿದೇ ಹೋಗುತ್ತೆ. ಮೀನು ಗೆರೆಯ ಒಳಗಡೆ ನಿಂತು, ಓಡೋ ನೀರು ತಂದ ಹುಳಕ್ಕೆ ಮೂತಿ ಚಾಚುತ್ತೆ. ನೀರಿಗೆ ಇಳಿಯದೆ, ಎರಡು ಮಾರು ಹಿಂದೆ ನಿಂತು ಮೊದಲು ಅಲ್ಲಿಗೆ ಹಾಕಿ. ಇಳಿದರೆ ನೀವು ಓಡಿಸೋದು ಅದೇ ಮೀನನ್ನ. ಗುಶೈನಿಯಲ್ಲಿ ಫ್ಲಾಚನ್ ಹೊಳೆ ಬಂದು ಸೇರುತ್ತಲ್ಲ, ಆ ಜಾಗವನ್ನೂ ಬಿಡಬೇಡಿ. ಎರಡರಲ್ಲಿ ಒಂದು ತಿಳಿಯಾಗಿದ್ದ ದಿನ ಬಣ್ಣ ಬೆರೆಯೋ ಗೆರೆಯುದ್ದಕ್ಕೂ ಹಾಕ್ತಾ ಹೋಗಿ.

ಇನ್ನು ಆಳ. ಮೇಲಿನ ನೀರು ಓಡ್ತಿದ್ದರೂ ತಳದ ನೀರು ಕಲ್ಲುಗಳಿಗೆ ತಾಗಿ ನಿಧಾನ ಇರುತ್ತೆ. ಮೀನು ಇರೋದು ಆ ಪದರದಲ್ಲಿ. ಲೀಡರ್ 7 ಅಡಿಗೆ ಇಳಿಸಿ, ಟಿಪ್ಪೆಟ್ 3ಎಕ್ಸ್ ಹಾಕಿ, ಅದು 5ಎಕ್ಸ್‌ಗಿಂತ ದಪ್ಪ. ಬಗ್ಗಡ ನೀರಲ್ಲಿ ದಾರದ ದಪ್ಪ ಯಾರು ನೋಡ್ತಾರೆ? 8ನೇ ನಂಬರಿನ (ನಂಬರು ಕಡಿಮೆ ಆದಷ್ಟೂ ಗಾಳ ದೊಡ್ಡದು) ಕಪ್ಪು ಸ್ಟೋನ್‌ಫ್ಲೈ ನಿಂಫ್, ಟಂಗ್‌ಸ್ಟನ್ ಮಣಿ ಇರೋದು, ಭಾರಕ್ಕೆ. ಇಲ್ಲ ಎರೆಹುಳುವಿನ ತರದ ಕೆಂಪು ಫ್ಲೈ. ನೀರು ಏರಿದಾಗ ದಡದ ಮಣ್ಣು ಕೊರೆದು ಎರೆಹುಳು ನೀರಿಗೆ ಬೀಳುತ್ತೆ, ಟ್ರೌಟ್‌ಗೆ ಅದು ಗೊತ್ತಿರೋ ಊಟ. ಫ್ಲೈಗಿಂತ ಒಂದು ಗೇಣು ಮೇಲೆ ದಾರಕ್ಕೆ ಭಾರದ ಸಣ್ಣ ಗುಂಡು ಕಚ್ಚಿಸಿ. ನೀರು ಎಷ್ಟು ಆಳವೋ ಅದರ ಒಂದೂವರೆ ಪಟ್ಟು ದೂರಕ್ಕೆ, ಫ್ಲೈಗಿಂತ ಮೇಲೆ, ತೇಲೋ ಬೆಂಡು ಕಟ್ಟಿ.

ಸರಿ ಕೂತಿದೆಯಾ ಅಂತ ಬೆಂಡೇ ಹೇಳುತ್ತೆ. ಹರಿಯುವಾಗ ಮಧ್ಯೆ ಒಮ್ಮೊಮ್ಮೆ ತಡವರಿಸಬೇಕು, ತಳದ ಕಲ್ಲು ಸವರಿದ ಹಾಗೆ. ತಡವರಿಸದೆ ಸುಮ್ನೆ ಓಡಿದರೆ ಇನ್ನೊಂದು ಗುಂಡು ಹಾಕಿ. ಪ್ರತಿ ಸಲ ಸಿಕ್ಕಿಕೊಂಡರೆ ಒಂದು ತೆಗೀರಿ. ಜನ ಪೆಟ್ಟಿಗೆಯಲ್ಲಿರೋ ಫ್ಲೈ ಎಲ್ಲ ಬದಲಿಸ್ತಾರೆ, ಗುಂಡು ಮಾತ್ರ ಬದಲಿಸಲ್ಲ. ರಾಡ್ ಎತ್ತಿ ಹಿಡಿದು ದಪ್ಪ ಲೈನ್ ನೀರಿಗೆ ತಾಗದ ಹಾಗೆ ನೋಡಿಕೊಂಡರೆ ಎಳೆತದ ಗೋಳು ಮುಗೀತು. ಹದಿನೈದು ಅಡಿ ದೂರಕ್ಕೆ ಅದು ಕಷ್ಟ ಅಲ್ಲ. ಬೆಂಡು ನಿಂತರೆ ರಾಡ್ ಎತ್ತಿ. ಕಲ್ಲೋ ಮೀನೋ ಅಂತ ಯೋಚನೆ ಮಾಡ್ತಾ ಕೂರಬೇಡಿ.

ದುರ್ಗದ ಹುಡುಗ, ಚಿತ್ರದುರ್ಗ:

ಇಷ್ಟೆಲ್ಲ ಯಾಕೆ ಗುರುಗಳೇ, ಸ್ಪಿನ್ನರ್ (ನೀರಲ್ಲಿ ಗಿರಗಿರ ತಿರುಗೋ ಲೋಹದ ಎಲೆಯ ಗಾಳ) ಹಾಕಿದ್ರೆ ಆಯ್ತಪ್ಪ. ಅದಿರಲಿ, ಹಿಮಾಚಲಕ್ಕೆ ಯಾಕೆ ಹೋಗ್ಬೇಕು, ಟ್ರೌಟ್ ಮರಿ ತಂದು ನಮ್ಮ ಶಾಂತಿಸಾಗರ ಕೆರೆಗೆ ಬಿಟ್ಟರೆ ಆಗಲ್ವಾ?

ಮರಿಕಣಿವೆ:

ಸ್ಪಿನ್ನರ್‌ಗೆ ಬೀಳುತ್ತೆ, ಸುಳ್ಳಲ್ಲ. ಅವರು ಕೇಳಿದ್ದು ಫ್ಲೈ ಬಗ್ಗೆ. ಶಾಂತಿಸಾಗರಕ್ಕೆ ಬಿಟ್ಟರೆ ಏಪ್ರಿಲ್ ದಾಟಲ್ಲ ತಮ್ಮಾ. ನೀರು 20 ಡಿಗ್ರಿ ಮೀರಿದರೆ ಟ್ರೌಟ್‌ಗೆ ಏದುಸಿರು. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ತಂದದ್ದು 1900ರಲ್ಲಿ, ಕುಲುಗೆ 1909ರಲ್ಲಿ. ಎರಡೂ ಕಡೆ ತಣ್ಣನೆ ಹೊಳೆಗಳೇ. ನಮಗೆ ಹತ್ತಿರ ಅಂದರೆ ನೀಲಗಿರಿ. ಅಲ್ಲಿ ಅವಲಾಂಚಿಯ ಟ್ರೌಟ್ ಮರಿ ಕೇಂದ್ರ 1907ರದ್ದು.

ಬೆಣ್ಣೆನಗರಿ ಗಾಳ:

ತುಂಬಾ ಉಪಕಾರ ಆಯ್ತು ಸರ್. ಹೇಳಿದ ಹಾಗೆ ಕಟ್ಟಿಕೊಂಡು ಭಾನುವಾರ ಹರಿಹರಕ್ಕೆ ಹೋದೆ, ಹೊಳೆ ಈಗ ಇಳಿದಿದೆಯಲ್ಲ, ದಡದಲ್ಲಿ ನಿಂತು ಕೈ ಪಳಗಿಸೋಣ ಅಂತ. ಈಗ ಹೊಸ ಕಾಟ. ಗುಂಡು, ಬೆಂಡು, ಮಣಿ ಫ್ಲೈ ಎಲ್ಲ ಸೇರಿ ಎಸೆದಾಗಲೆಲ್ಲ ಲೀಡರ್ ಗಂಟು. ಒಂದು ಸಲ ಫ್ಲೈ ಬಂದು ಟೋಪಿಗೆ ಹೊಡೀತು.

ಮರಿಕಣಿವೆ:

ಡ್ರೈ ಫ್ಲೈ ಎಸೆದ ಹಾಗೆ ಹಿಂದೆ ಮುಂದೆ ಬೀಸ್ತಿದ್ದೀರಿ. ಭಾರ ಇದ್ದಾಗ ಗಾಳಿಯಲ್ಲಿ ಬೀಸೋದೇ ಬೇಡ. ಫ್ಲೈ ಹರಿದು ನಿಮ್ಮಿಂದ ಹೊಳೆಯ ಕೆಳಗಡೆ ಹೋಗಿ ಲೈನ್ ಬಿಗಿ ಆಗೋ ತನಕ ಬಿಡಿ. ನೀರಿನ ಎಳೆತಕ್ಕೆ ರಾಡ್ ಬಾಗುತ್ತೆ. ಆ ಬಾಗಿನಿಂದಲೇ ಒಂದೇ ಬೀಸಿಗೆ ಹೊಳೆಯ ಮೇಲ್ಗಡೆಗೆ ಎಸೆದುಬಿಡಿ. ಬೀಸು ದೊಡ್ಡ ಕಮಾನಾಗಿ, ನಿಧಾನವಾಗಿ ಇರಲಿ. ಚಾಟಿ ಬೀಸಿದ ಹಾಗೆ ಜರ್ಕ್ ಕೊಟ್ಟರೆ ಗಂಟು ಗ್ಯಾರಂಟಿ. ನೋಡೋಕೆ ಚೆಂದ ಇರಲ್ಲ, ಇರಬೇಕಾಗಿಯೂ ಇಲ್ಲ. ಕನ್ನಡಕ ಹಾಕ್ಕೊಳ್ಳಿ. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಕಿವಿಗೆ ಚುಚ್ಚಿದರೂ ಸಲೀಸಾಗಿ ಬರುತ್ತೆ, ಬಿಡೋ ಮೀನಿಗೂ ಒಳ್ಳೇದು.

ಹೊಳೆದಂಡೆ:

ಒಂದು ಮಾತು ಸೇರಿಸ್ತೀನಿ, ಬೇಜಾರು ಮಾಡ್ಕೋಬೇಡಿ. ಮೊಣಕಾಲು ಮೀರಿ ನೀರಿಗೆ ಇಳೀಬೇಡಿ. ದಡದ ಮೀನಿಗೆ ಇಳಿಯೋ ಅಗತ್ಯವೂ ಇಲ್ಲ. ತೀರ್ಥನ್ ಲಾರ್ಜಿ ಹತ್ತಿರ ಹೋಗಿ ಬಿಯಾಸ್ ನದಿಗೆ ಸೇರುತ್ತಲ್ಲ, ಅಲ್ಲಿಂದ ಕೆಳಗೆ ಬಿಯಾಸ್‌ನಲ್ಲಂತೂ ಕಾಲಿಡಲೇಬೇಡಿ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿ ಹೈದರಾಬಾದಿನ 24 ವಿದ್ಯಾರ್ಥಿಗಳು ಹೋದರು. ಬಂಡೆ ಮೇಲೆ ನಿಂತಿದ್ದವರು ಅವರು, ಈಜೋಕೆ ಇಳಿದವರಲ್ಲ.

ಬೆಣ್ಣೆನಗರಿ ಗಾಳ:

ಖಂಡಿತ ಅಣ್ಣಾ, ದಡ ಬಿಟ್ಟು ಇಳಿಯಲ್ಲ. ಮರಿಕಣಿವೆ ಸರ್, ನಾವು ಹೋದಾಗ ಹೊಳೆ ಪೂರ್ತಿ ರಾಡಿ ಆಗಿದ್ದರೆ?

ಮರಿಕಣಿವೆ:

ಒಂದು ಅಡಿ ಆಳದಲ್ಲಿ ಫ್ಲೈ ಕಾಣುತ್ತಾ ನೋಡಿ. ಕಂಡರೆ ಹಾಕಿ. ಅರ್ಧ ಅಡಿಗೇ ಮಾಯ ಆದರೆ ಕಪ್ಪು ವೂಲಿ ಬಗ್ಗರ್ ಅನ್ನೋ ಮುಳುಗೋ ಫ್ಲೈ, ದೊಡ್ಡದು, ದಡಕ್ಕೆ ಅಂಟಿಕೊಂಡ ಹಾಗೆ ನಿಧಾನಕ್ಕೆ ಎಳೀರಿ. ರಾಡಿಯಲ್ಲಿ ಕಪ್ಪಿನ ನೆರಳೇ ಚೆನ್ನಾಗಿ ಕಾಣೋದು. ಅದೂ ಆಗದಿದ್ದರೆ ಅವತ್ತು ರಾಡ್ ಮಡಚಿ. ರಜೆ ಬದಲಿಸೋಕೆ ಆಗುತ್ತಾ ನೋಡಿ ಸರ್, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ ನೀರು ಇಳಿದು ತಿಳಿಯಾಗಿರುತ್ತೆ. ನವೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಟ್ರೌಟ್ ಹಿಡಿಯೋದು ಬಂದ್, ಮೊಟ್ಟೆ ಇಡೋ ಕಾಲ.

ಬೆಣ್ಣೆನಗರಿ ಗಾಳ:

ಅಕ್ಟೋಬರ್ ಅಂದರೆ ದಸರಾ ರಜೆ. ಮನೆಯವರನ್ನೂ ಕರ್ಕೊಂಡು ಹೋಗ್ತೀನಿ ಅಂದ್ರೆ ಒಪ್ಪಬಹುದು, ಕೇಳಿ ನೋಡ್ತೀನಿ. ಮೇ ಟಿಕೆಟ್ ಅಂತೂ ಆಗಿಹೋಗಿದೆ. ಟಂಗ್‌ಸ್ಟನ್ ಮಣಿ ನಿಂಫ್ ದಾವಣಗೆರೆಯಲ್ಲಿ ಸಿಗಲ್ಲ, ಯಾರಾದರೂ ಕಟ್ಟಿ ಕೊಡೋರು ಇದ್ದರೆ ತಿಳಿಸಿ.

ದುರ್ಗದ ಹುಡುಗ:

ಮಣಿ ತರಿಸಿಕೊಳ್ಳಿ ಅಣ್ಣಾ, ಕಟ್ಟಿ ಕೊಡ್ತೀನಿ. ನಾನೇ ಸ್ಪಿನ್ನರ್ ಅಂದಿದ್ದು, ಆದ್ರೂ ಫ್ಲೈ ಕಟ್ಟುವಾಗ ಗಾಳ ಹಿಡಿದಿಡೋ ವೈಸ್ ಇದೆ ನನ್ ಹತ್ರ.