ಸಹಾಯ ಬೇಕು: ಹೆಣ್ಣುಕುದುರೆ ಗಬ್ಬ ನಿಲ್ತಿಲ್ಲ

ನಮಸ್ಕಾರ ಎಲ್ಲರಿಗೂ. ಬೀದರ್ ಜಿಲ್ಲೆ ಹುಮನಾಬಾದ್ ಕಡೆ ಕುದುರೆ ಮರಿ ಮಾಡಿಸುವ ಸಣ್ಣ ಕೇಂದ್ರ ನಮ್ಮದು. ಒಂಬತ್ತು ವರ್ಷದ ಮಾರ್ವಾಡಿ ಹೆಣ್ಣುಕುದುರೆ ಮೂರು ಸಲ ಬೆದೆಗೆ ಬಂದರೂ ಗಬ್ಬ ನಿಂತಿಲ್ಲ. ಬೆದೆಯೇನೋ ಸರಿಯಾಗಿ 21 ದಿನಕ್ಕೊಮ್ಮೆ ಬರುತ್ತೆ, ಗಂಡುಕುದುರೆಯನ್ನು ಬೇಲಿ ಹತ್ತಿರ ತಂದರೆ ಸಾಕು, ಬಾಲ ಎತ್ತಿ ಚಿರ್ ಅಂತ ಉಚ್ಚೆ ಹೊಯ್ದು ಅಲ್ಲಾಡದೆ ನಿಲ್ಲುತ್ತಾಳೆ. ಪ್ರತಿ ಸಲ ಬೆದೆಯ ಮೊದಲ ಎರಡು ದಿನವೇ ಹಾರಿಸಿದೆವು (ಗಂಡಿನ ಜೊತೆ ಕೂಡಿಸಿದೆವು). 15ನೇ ದಿನ ಸ್ಕ್ಯಾನ್ ಮಾಡಿಸಿದರೆ ಖಾಲಿ. ಗರ್ಭಕೋಶ ಪರೀಕ್ಷೆಯೂ ಆಯ್ತು, ಸೋಂಕಿಲ್ಲ ಅಂದರು.

ಬೆದೆ ಆರೇಳು ದಿನ ಇರುತ್ತೆ, ಆದರೆ ಮೊಟ್ಟೆ ಬಿಡುವುದು ಅದು ಮುಗಿಯೋಕೆ ಒಂದೆರಡು ದಿನ ಮೊದಲು, ಅಲ್ವಾ? ನಾವೇ ಸುಮ್ನೆ ಅವಸರ ಮಾಡಿದೆವೇನೋ. ಈ ಸಲ ಮೂರನೇ ದಿನದಿಂದ ದಿನ ಬಿಟ್ಟು ದಿನ ಹಾರಿಸಬೇಕಾ, ಇಲ್ಲ ಸ್ಕ್ಯಾನಲ್ಲಿ ಅಂಡಾಶಯದ ಗುಳ್ಳೆ (ಮೊಟ್ಟೆ ಬೆಳೆಯುವ ಚೀಲ) 35 ಮಿ.ಮೀ. ಆಗೋವರೆಗೂ ಕಾಯಬೇಕಾ? ಮಾಡಿ ನೋಡಿದವರು ಹೇಳಿ.