ಸಹಾಯ ಬೇಕು: ಸೌದಿಗೆ ಹೊರಟ ಹೆಂಗಸರ ಬ್ಯಾಗಿಗೆ ಏನೇನು?

ಜನವರಿಯಲ್ಲಿ ನಾವು ನಾಲ್ವರು ಹೆಂಗಸರು 8 ದಿನ ರಿಯಾದ್ ಮತ್ತು ಮರುಭೂಮಿಯ ಊರು ಅಲ್‌ಉಲಾಕ್ಕೆ ಹೊರಟಿದ್ದೇವೆ. 2019ರಿಂದ ಪ್ರವಾಸಿಗರಿಗೆ ಅಬಾಯಾ (ಬಟ್ಟೆಯ ಮೇಲೆ ತೊಡುವ ಉದ್ದನೆಯ ಸಡಿಲ ನಿಲುವಂಗಿ) ಕಡ್ಡಾಯವಲ್ಲ, ಆದರೆ ಭುಜ, ಮೊಣಕಾಲು ಮುಚ್ಚಲೇಬೇಕು. ಹಾಗಾಗಿ ತಲಾ 4 ಉದ್ದ ತೋಳಿನ ಸಡಿಲ ಹತ್ತಿ ಕುರ್ತಾ, 3 ಪಲಾಝೋ, 2 ದುಪಟ್ಟಾ. ತೆಳು ಬಿಳಿ ಬಟ್ಟೆ ಕೈಬಿಟ್ಟಿದ್ದೇವೆ, ಆ ಬಿಸಿಲಲ್ಲಿ ಒಳಗಿನದೆಲ್ಲ ಕಾಣುತ್ತದೆ. ಮರುಭೂಮಿಯಲ್ಲಿ ರಾತ್ರಿ ಚಳಿ ಜೋರು, ಅದಕ್ಕೆ ಸ್ವೆಟರ್, ಕಾಲುಚೀಲ. ಗಸಗಸೆ ಬೆರೆತ ಮಸಾಲೆಪುಡಿ ಮಾತ್ರ ಬೇಡವೇ ಬೇಡ, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ಹೋಗಿಬಂದ ಅಕ್ಕಂದಿರೇ, ಎರಡು ಸಂದೇಹ. ಕಡ್ಡಾಯವಲ್ಲದಿದ್ದರೂ ಅಬಾಯಾ ಕೊಳ್ಳುವುದಾದರೆ, ಅದರ ಉದ್ದದ ಅಳತೆ 52, 54, 56 ಎಂದು ಇಂಚಿನಲ್ಲಿ ಬರುತ್ತದೆ. 5 ಅಡಿ 2 ಇಂಚಿನವರಿಗೆ ಯಾವುದು ನೆಲ ಗುಡಿಸುವುದಿಲ್ಲ? ಮರಳು, ಬಂಡೆ ಎರಡಕ್ಕೂ ಶೂ ಸಾಕೇ, ಸ್ಯಾಂಡಲ್ಲೂ ಬೇಕೇ? ದಯವಿಟ್ಟು ತಿಳಿಸಿ.