ನೆಲದಡಿ ಹೀಟಿಂಗ್‌ಗೆ ಯಾವ ಇನ್ಸುಲೇಷನ್ ಒಳ್ಳೆಯದು?

ಪ್ರಶ್ನೆ: ಮನೆಗೆ ಸೇರಿಸಿ ಕಟ್ಟುತ್ತಿರುವ ಹೊಸ ಕೋಣೆಯ ನೆಲದಡಿ ಬಿಸಿನೀರಿನ ಪೈಪ್ ಹಾಕಿಸಬೇಕು. ಕಾಂಕ್ರೀಟ್ ಮೇಲೆ 150 ಮಿ.ಮೀ. ಜಾಗ ಇದೆ, ಸ್ಕ್ರೀಡ್ (ಪೈಪ್ ಮುಚ್ಚುವ ಗಾರೆಯ ಪದರ) ಕೂಡ ಅದರಲ್ಲೇ ಬರಬೇಕು. ಥರ್ಮಾಕೋಲ್ ಸಾಕಾ, ಪಿಐಆರ್ (ಶಾಖ ತಡೆಯುವ ಗಟ್ಟಿ ಫೋಮ್) ಬೋರ್ಡೇ ಬೇಕಾ?

ಉತ್ತರ 1: ಜಾಗ ಇಷ್ಟೇ ಅಂದ್ರೆ ಪಿಐಆರ್ ಹಾಕಿಸಿ. ಅಷ್ಟೇ ಶಾಖ ತಡೆಯಲು ಥರ್ಮಾಕೋಲ್ ಸುಮಾರು ಒಂದೂವರೆ ಪಟ್ಟು ದಪ್ಪ ಇರಬೇಕಾಗುತ್ತದೆ. ಸಿಮೆಂಟ್ ಸ್ಕ್ರೀಡ್‌ಗೆ 75 ಬಿಟ್ಟರೂ ಬೋರ್ಡಿಗೆ 75 ಸಿಗುತ್ತದೆ, ಅಲ್ವಾ?

ಉತ್ತರ 2: ಗೋಡೆಯಂಚನ್ನು ದಯವಿಟ್ಟು ಮರೆಯಬೇಡಿ. ಸುತ್ತಲೂ ಇನ್ಸುಲೇಷನ್ ಪಟ್ಟಿ ಇಡದಿದ್ದರೆ ಬಿಸಿ ಗೋಡೆಗೆ ಸೋರುತ್ತದೆ, ಸ್ಕ್ರೀಡ್ ಹಿಗ್ಗಲು ಜಾಗವಿಲ್ಲದೆ ಬಿರುಕೂ ಬಿಡಬಹುದು. ಬೋರ್ಡ್ ಮೇಲೆ ಪಾಲಿಥಿನ್ ಹಾಳೆ ಹಾಸಿಸಿ.

ಪ್ರಶ್ನೆ ಕೇಳಿದವರು: ಸರಿ, ಹೀಟಿಂಗ್ ಯಾವಾಗ ಶುರು ಮಾಡಬಹುದು?

ಉತ್ತರ 1: ಸಿಮೆಂಟ್ ಸ್ಕ್ರೀಡ್‌ಗೆ ಕನಿಷ್ಠ 21 ದಿನ ಬಿಡಿ. ಆಮೇಲೂ ಬಿಸಿ ನಿಧಾನವಾಗಿ ಏರಿಸಿ.